ಜತ್ತದ ಎರೆಹೊಲ, ಕೊಳವೆಬಾವಿಯ ನೀರು ಮತ್ತು ಜಿಪ್ಸಂ

ಮಾನ್ಯರೇ, ಕೊಳವೆಬಾವಿಯ ನೀರಿಗೆ ಉಪ್ಪಿನ ರುಚಿಯಿಲ್ಲದಿದ್ದರೂ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಿಮ್ಮ ಎರೆಹೊಲ ಬಿರುಸಾಗಿ ದ್ರಾಕ್ಷಿಯ ಇಳುವರಿ ಕುಗ್ಗುತ್ತಿರುವುದೇಕೆ, ಜಿಪ್ಸಂ ಹಾಕಬೇಕೇ ಎಂದು ಕೇಳಿದ್ದೀರಿ.

ಇಲ್ಲಿ ರುಚಿಯನ್ನು ನಂಬುವಂತಿಲ್ಲ. ನೀರಿನಲ್ಲಿರುವ ಬೈಕಾರ್ಬೊನೇಟ್ ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣದ ರೂಪದಲ್ಲಿ ಕೂರಿಸುತ್ತದೆ; ತೆರವಾದ ಜಾಗಕ್ಕೆ ಸೋಡಿಯಂ ಸೇರಿ ಜೇಡಿಕಣಗಳನ್ನು ಚದುರಿಸುತ್ತದೆ; ಆ ಕಣಗಳು ರಂಧ್ರಗಳನ್ನು ಮುಚ್ಚುವುದರಿಂದ ನೀರಾಗಲಿ ಗಾಳಿಯಾಗಲಿ ಬೇರಿನ ತನಕ ಇಳಿಯುವುದಿಲ್ಲ. ಸೋಡಿಯಂ ಪಾಲು ಹೆಚ್ಚಿರುವ ನೀರಿನಲ್ಲಿ ಒಟ್ಟು ಉಪ್ಪು ಕಡಿಮೆಯಿದ್ದಷ್ಟೂ ಈ ಕೇಡು ಹೆಚ್ಚು. ಆದ್ದರಿಂದ ಒಟ್ಟು ಉಪ್ಪನ್ನು ತೋರುವ ವಿದ್ಯುತ್ ವಾಹಕತೆಯೊಂದನ್ನೇ ಅಲ್ಲದೆ, ಕ್ಯಾಲ್ಸಿಯಂ-ಮೆಗ್ನೀಸಿಯಂಗೆ ಹೋಲಿಸಿ ಸೋಡಿಯಂ ಎಷ್ಟೆಂದು ಹೇಳುವ ಸೋಡಿಯಂ ಹೀರಿಕೆಯ ಅನುಪಾತವನ್ನೂ (SAR), ಅವೆರಡಕ್ಕಿಂತ ಹೆಚ್ಚಾಗಿ ಉಳಿದ ಕಾರ್ಬೊನೇಟ್-ಬೈಕಾರ್ಬೊನೇಟನ್ನು ಅಳೆಯುವ ಶೇಷ ಸೋಡಿಯಂ ಕಾರ್ಬೊನೇಟನ್ನೂ (RSC) ಪ್ರಯೋಗಾಲಯದಲ್ಲಿ ಕೇಳಿ ಬರೆಸಿಕೊಳ್ಳಿರಿ. ಕೊನೆಯದು ಲೀಟರಿಗೆ 2.5 ಮಿಲಿಈಕ್ವಿವಲೆಂಟ್ ದಾಟಿದ್ದರೆ ಆ ನೀರು ನೀರಾವರಿಗೆ ತಕ್ಕುದಲ್ಲವೆಂದು ಪರಿಗಣಿಸುತ್ತಾರೆ.

ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಜೇಡಿಕಣಗಳಿಂದ ಸೋಡಿಯಂ ಅನ್ನು ಬಿಡಿಸುತ್ತದೆ; ಅದು ಬೇಕೇ, ಎಷ್ಟು ಬೇಕು ಎಂಬುದನ್ನು ಆ ವರದಿ ಮತ್ತು ಮಣ್ಣಿನ ಪರೀಕ್ಷೆ ನಿರ್ಧರಿಸಲಿ. ಅಂಗಡಿಯವರ ಅಂದಾಜು ಬೇಡ. ಹಾಗೆ ಬಿಡಿಸಿದ ಸೋಡಿಯಂ ಬಸಿದು ಹೋಗಲು ದಾರಿಯಿಲ್ಲದ ಹೊಲದಲ್ಲಿ ಜಿಪ್ಸಂ ಹಾಕಿದ ಹಣ ವ್ಯರ್ಥ, ಹಾಗಾಗಿ ಬಸಿಗಾಲುವೆ ಮೊದಲು.

ಜೋಳ ತಾಳುವ ಉಪ್ಪನ್ನು ದ್ರಾಕ್ಷಿ ತಾಳದು: ಮಣ್ಣಿನ ಸಂತೃಪ್ತ ಸಾರದ (ನೀರಿನಲ್ಲಿ ಪೂರ್ತಿ ನೆನೆಸಿದ ಮಣ್ಣಿನಿಂದ ಹೊರತೆಗೆದ ನೀರಿನ) ವಾಹಕತೆ ಮೀಟರಿಗೆ 1.5 ಡೆಸಿಸೀಮೆನ್ಸ್ ದಾಟಿದರೆ ದ್ರಾಕ್ಷಿಯ ಇಳುವರಿ ಇಳಿಯತೊಡಗುತ್ತದೆ, ಜೋಳಕ್ಕೆ ಆ ಮಿತಿ 6.8. ಹನಿ ನೀರಾವರಿಯಿದ್ದರೆ ಒದ್ದೆಯ ಅಂಚಿನಲ್ಲಿ ಕೂಡಿದ ಉಪ್ಪನ್ನು ಮೊದಲ ತುಂತುರು ಮಳೆ ಬೇರಿನೆಡೆಗೆ ತಳ್ಳುವುದರಿಂದ, ಅಂಥ ಮಳೆಯಲ್ಲಿ ಹನಿಯನ್ನು ನಿಲ್ಲಿಸಬೇಡಿರಿ.