ಮೂರೂವರೆ ತಿಂಗಳ ಕೂಸು ಬಾಟಲಿ ಕಂಡರೆ ಮುಖ ತಿರುಗಿಸುತ್ತದೆ. ಕೆಲಸಕ್ಕೆ ಹೋಗಲು ಮೂರೇ ವಾರ ಉಳಿದಿದೆ. ಏನು ಮಾಡಲಿ?

ನಿಮ್ಮ ಪ್ರಶ್ನೆಯಿಂದ ತಿಳಿದದ್ದು ಇಷ್ಟು: ಕಲಬುರಗಿಯಲ್ಲಿ ಖಾಸಗಿ ಬ್ಯಾಂಕಿನ ಕೆಲಸ. 26 ವಾರದ ಹೆರಿಗೆ ರಜೆಯಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ಮುಗಿದಿದೆ. ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರು ನಿಮ್ಮ ಅತ್ತೆ. ಬ್ಯಾಂಕಿಗೆ ಮನೆಯಿಂದ ಹತ್ತು ನಿಮಿಷದ ದಾರಿ. ಕೂಸು ಇಲ್ಲಿಯವರೆಗೆ ಮೊಲೆ ಬಿಟ್ಟು ಬೇರೆ ಯಾವುದರಿಂದಲೂ ಕುಡಿದಿಲ್ಲ. 'ಒಂದು ದಿನ ಹಸಿವಿಗೆ ಬಿಡಿ, ತಾನಾಗೇ ಕುಡಿಯುತ್ತದೆ' ಎಂದು ಯಾರೋ ಹೇಳಿದ್ದಾರೆ.

ಆ ಕೊನೆಯ ಮಾತನ್ನು ದಯವಿಟ್ಟು ಕೇಳಬೇಡಿ. ಹಸಿದು ಅಳುವ ಕೂಸಿಗೆ ಹೊಸದೇನನ್ನೂ ಕಲಿಯುವ ತಾಳ್ಮೆ ಇರುವುದಿಲ್ಲ, ಮೇಲಾಗಿ ಬಾಟಲಿ ಎಂದರೆ ಸಂಕಟ ಎಂಬುದು ಅದರ ತಲೆಯಲ್ಲಿ ಕೂತುಬಿಡುತ್ತದೆ. ಇದು ಹಟವೂ ಅಲ್ಲ. ಹುಟ್ಟಿದ ಹೊಸದರಲ್ಲಿ ಅಂಗುಳಿಗೆ ಏನು ತಾಗಿದರೂ ಕೂಸು ತಾನಾಗಿ ಚೀಪುತ್ತದೆ. ಮೂರು-ನಾಲ್ಕು ತಿಂಗಳ ಹೊತ್ತಿಗೆ ಆ ಸಹಜ ಕ್ರಿಯೆ ಹಿಂದೆ ಸರಿದು, ಚೀಪುವುದೋ ಬಿಡುವುದೋ ಎಂಬುದು ಅದರ ಇಷ್ಟಕ್ಕೆ ಬರುತ್ತದೆ. ಅದಕ್ಕೇ ಈಗ ಬಲವಂತ ನಡೆಯದು, ಒಪ್ಪಿಸಬೇಕು. ಮೂರು ವಾರ ಅದಕ್ಕೆ ಸಾಮಾನ್ಯವಾಗಿ ಸಾಕು, ಆದರೆ ಇವತ್ತೇ ಶುರು ಮಾಡಿ.

ದಿನಕ್ಕೆ ಒಂದೇ ಸಲ, ಹೆಚ್ಚೆಂದರೆ ಎರಡು ಸಲ ಪ್ರಯತ್ನಿಸಿ. ಮೊಲೆ ಕುಡಿದು ಒಂದು, ಒಂದೂವರೆ ತಾಸಾಗಿ, ಹಸಿವು ಈಗಷ್ಟೇ ಶುರುವಾಗುವ ಹೊತ್ತು ಒಳ್ಳೆಯದು. ನಿದ್ದೆಯಿಂದ ಅರೆಬರೆ ಎದ್ದಾಗ ಇನ್ನೂ ಸಲೀಸು. ಕುಡಿಸುವವರು ಅತ್ತೆಯೇ ಆಗಲಿ. ನೀವು ಪಕ್ಕದ ಕೋಣೆಯಲ್ಲಿದ್ದರೂ ನಿಮ್ಮ ದನಿ ಕೇಳುತ್ತದೆ, ಆ ಹೊತ್ತಿಗೆ ಓಣಿಯಲ್ಲಿ ಒಂದು ಸುತ್ತು ಹೋಗಿಬನ್ನಿ. ನೀವು ಉಟ್ಟು ಬಿಟ್ಟ ಸೀರೆಯನ್ನು ಅತ್ತೆಯ ಮಡಿಲಲ್ಲಿ ಹಾಸಿದರೆ ಕೆಲವು ಕೂಸುಗಳು ಆ ವಾಸನೆಗೆ ಸಮಾಧಾನವಾಗುತ್ತವೆ. ಇನ್ನು ಕೆಲವು ಅದೇ ವಾಸನೆಗೆ ಮೊಲೆ ಹುಡುಕುತ್ತವೆ. ಹಾಗಾದರೆ ಸೀರೆ ತೆಗೆದು, ಕೂಸಿನ ಮುಖ ಹೊರಗೆ ಕಾಣುವಂತೆ ಕೂರಿಸಿ, ಮೆಲ್ಲಗೆ ಓಡಾಡುತ್ತ ಕುಡಿಸಲಿ.

ಮೊದಲ ಎರಡು-ಮೂರು ದಿನ ಬಾಟಲಿಯಲ್ಲಿ ಹಿಂಡಿದ ಎದೆಹಾಲು 20–30 ಮಿಲಿ ಸಾಕು. ಚೆಲ್ಲಿದರೂ ಹೊಟ್ಟೆ ಉರಿಯುವುದಿಲ್ಲ. ನಿಪ್ಪಲ್ ಅನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿ, ತುದಿಗೆ ನಿಮ್ಮ ಹಾಲಿನ ಎರಡು ಹನಿ ಹಚ್ಚಿ. ಬಾಯಿಗೆ ತುರುಕಬೇಡಿ: ಮೇಲ್ತುಟಿಗೆ ತಾಗಿಸಿ ಕಾಯಿರಿ, ಬಾಯಿ ಅಗಲ ತೆರೆದಾಗ ಒಳಗೆ ಬಿಡಿ. ಕೂಸು ಬಹುಮಟ್ಟಿಗೆ ನೆಟ್ಟಗೆ ಕೂತಿರಲಿ, ಬಾಟಲಿ ನೆಲಕ್ಕೆ ಅಡ್ಡವಾಗಿರಲಿ. ತಲೆಕೆಳಗಾಗಿ ಹಿಡಿದರೆ ಹಾಲು ತಾನೇ ಸುರಿದು ಕೂಸು ಕೆಮ್ಮುತ್ತದೆ, ಮರುದಿನ ಬಾಟಲಿ ಕಂಡರೇ ಅಳುತ್ತದೆ. ಇಪ್ಪತ್ತು-ಮೂವತ್ತು ಸೆಕೆಂಡು ಚೀಪಿದ ಮೇಲೆ ಬಾಟಲಿಯ ತಳವನ್ನು ತುಸು ಕೆಳಗಿಳಿಸಿ ಉಸಿರಾಡಲು ಬಿಡಿ. ಮೊದಲಿಗೆ ಕಚ್ಚಿ, ನಾಲಿಗೆಯಲ್ಲಿ ಹೊರಳಿಸಿ ಆಡಿದರೆ ಅದೂ ಕಲಿಕೆಯೇ. ಬೆನ್ನು ಸೆಟೆದು ಅಳತೊಡಗಿದ ಕ್ಷಣ ನಿಲ್ಲಿಸಿ. ಹತ್ತು ನಿಮಿಷ ದಾಟಿಸಬೇಡಿ.

ಈಗ ಸಾಮಾನಿನ ವಿಷಯ. ನಿಪ್ಪಲ್ 'ಸ್ಲೋ ಫ್ಲೋ' ಇರಲಿ. ಬಾಟಲಿ ಬೋರಲು ಹಿಡಿದರೆ ಹನಿ ಹನಿ ಬೀಳಬೇಕು, ಧಾರೆಯಾಗಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕುದಿಸಿದ ಪಾತ್ರೆಯಲ್ಲಿ ಬಿಳಿ ಪುಡಿ ಕೂರುವುದನ್ನು ನೋಡಿರುತ್ತೀರಿ. ಅದೇ ಪುಡಿ ನಿಪ್ಪಲ್‌ನ ತೂತಿಗೆ ಕೂತರೆ ಹಾಲು ಬರದೆ ಕೂಸು ಸಿಟ್ಟಾಗುತ್ತದೆ, ಮನೆಯವರು ಬಾಟಲಿ ಬೇಡವಂತೆ ಎಂದುಕೊಳ್ಳುತ್ತಾರೆ. ಗಡಸುತನ ತೆಗೆಯುವ ಆರ್‌ಒ ಫಿಲ್ಟರ್ ನೀರಿನಲ್ಲಿ ಕುದಿಸಿ. ನಿಪ್ಪಲ್ ಕಚ್ಚಿ ಹಿಡಿದಾಗ ಅದು ಒಳಗೆ ಅಂಟಿಕೊಂಡರೆ ಸುತ್ತಿನ ಬಿಲ್ಲೆಯನ್ನು ಅತಿ ಬಿಗಿ ಮಾಡಿದ್ದೀರಿ ಎಂದರ್ಥ, ಗಾಳಿ ಹೋಗುವಷ್ಟು ಸಡಿಲಿಸಿ. ಪ್ರತಿ ಸಲ ಬಳಸಿದ ಕೂಡಲೇ ಎಲ್ಲ ಭಾಗ ಬಿಚ್ಚಿ, ಸೋಪು ಹಾಕಿ ಬ್ರಶ್‌ನಿಂದ ತೊಳೆದು, 10 ನಿಮಿಷ ಕುದಿಸಬೇಕು.

ಹಾಲೇ ರುಚಿ ಕೆಟ್ಟಿರಬಹುದು. ಕೆಲವು ತಾಯಂದಿರ ಹಾಲಿನಲ್ಲಿ ಲೈಪೇಸ್ ಎಂಬ ಕಿಣ್ವ ಹೆಚ್ಚು ಚುರುಕಾಗಿದ್ದು, ಫ್ರಿಜ್‌ನಲ್ಲಿಟ್ಟ ಹಾಲಿಗೆ ಸಾಬೂನಿನ ವಾಸನೆ ಬರುತ್ತದೆ. ಹಾಲು ಕೆಟ್ಟಿರುವುದಿಲ್ಲ, ಆದರೆ ಕೂಸು ಉಗುಳುತ್ತದೆ. ನೀವೇ ಒಂದು ಹನಿ ನೆಕ್ಕಿ ನೋಡಿ. ಹಿಂಡಿದ ತಕ್ಷಣದ ಹಾಲು ಕುಡಿದು ನಿನ್ನೆಯದನ್ನು ಬಿಟ್ಟರೆ ಇದೇ ಕಾರಣವಿರಬಹುದು. ಆಗ ಹಿಂಡಿದ ಕೂಡಲೇ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿ, ಕುದಿಯುವ ಮುಂಚೆ ಇಳಿಸಿ, ತಣ್ಣೀರಲ್ಲಿಟ್ಟು ಆರಿಸಿ ಫ್ರಿಜ್‌ಗೆ ಹಾಕಿ.

ಹಿಂಡಿದ ಹಾಲು ಹೊರಗೆ ನಾಲ್ಕು ತಾಸು ಇರುತ್ತದೆ ಎಂದು ಎಲ್ಲ ಕಡೆ ಓದುತ್ತೀರಿ. ಆ ಲೆಕ್ಕ 25 ಡಿಗ್ರಿಯ ಕೋಣೆಗೆ. 40 ದಾಟುವ ನಮ್ಮ ಬೇಸಿಗೆಗೆ ಅದನ್ನು ಹಚ್ಚಬೇಡಿ, ನೇರ ಫ್ರಿಜ್‌ನ ಹಿಂಭಾಗಕ್ಕೆ ಇಡಿ, ಬಾಗಿಲಿನಲ್ಲಿ ಬೇಡ. ಅಲ್ಲಿ ನಾಲ್ಕು ದಿನ ಇರುತ್ತದೆ. ಬೆಚ್ಚಗಾಗಿಸಲು ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟರೆ ಸಾಕು, ಮೈಕ್ರೋವೇವ್ ಬೇಡವೇ ಬೇಡ. ಕೂಸು ಬಾಯಿ ಹಚ್ಚಿ ಬಿಟ್ಟದ್ದನ್ನು ಎರಡು ತಾಸಿನೊಳಗೆ ಮುಗಿಸಿ, ಇಲ್ಲವೇ ಚೆಲ್ಲಿ. ಅದಕ್ಕೇ 60 ಮಿಲಿಯಂತೆ ಸಣ್ಣ ಸಣ್ಣದಾಗಿ ತುಂಬಿಡಿ.

ನೀವು ಇಲ್ಲದ ಪ್ರತಿ ತಾಸಿಗೆ 30–45 ಮಿಲಿ ಎಂದು ಹಿಡಿಯಿರಿ. ಎಂಟು ತಾಸಿಗೆ ಸುಮಾರು 240ರಿಂದ 360 ಮಿಲಿ. ಆದರೆ ನಿಮ್ಮ ಮನೆ ಹತ್ತಿರದಲ್ಲೇ ಇದೆ. ಹೆರಿಗೆ ಸೌಲಭ್ಯದ ಕಾನೂನಿನಂತೆ ಕೂಸಿಗೆ 15 ತಿಂಗಳಾಗುವವರೆಗೆ, ಊಟದ ವಿರಾಮವಲ್ಲದೆ, ಹಾಲುಣಿಸಲೆಂದೇ ದಿನಕ್ಕೆ ಎರಡು ವಿರಾಮ ಸಿಗಬೇಕು. ಮಧ್ಯಾಹ್ನ ಒಮ್ಮೆ ಮನೆಗೆ ಬಂದು ಮೊಲೆ ಕುಡಿಸಿದರೆ ಅತ್ತೆ ಕುಡಿಸಬೇಕಾದದ್ದು ಎರಡೇ ಹೊತ್ತು. ಈಗಲೇ ಮ್ಯಾನೇಜರ್ ಜೊತೆ ಮಾತಾಡಿ, ಬರೆದುಕೊಡಿ.

ಅತ್ತೆಯವರಿಗೆ ಎರಡು ಮಾತು ಮೆಲ್ಲಗೆ ಹೇಳಬೇಕಾಗುತ್ತದೆ. ನಿಪ್ಪಲ್‌ಗೆ ಜೇನುತುಪ್ಪ ಹಚ್ಚುವಂತಿಲ್ಲ. ವರ್ಷದೊಳಗಿನ ಕೂಸಿಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಆಗಬಹುದು. ಎರಡನೆಯದು ನೀರು. 'ಇಂಥ ಬಿಸಿಲಾಗ ಕೂಸಿಗೆ ನೀರಡಿಕಿ ಆಗಂಗಿಲ್ಲೇನು' ಎಂಬುದು ಪ್ರೀತಿಯ ಮಾತೇ. ಆದರೆ ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇದೆ. ಆರು ತಿಂಗಳವರೆಗೆ ಬೇರೆ ನೀರು ಬೇಡ, ಸೆಕೆ ಹೆಚ್ಚಾದರೆ ಹಾಲನ್ನೇ ಹೆಚ್ಚು ಸಲ ಕೊಡಬೇಕು.

ಹತ್ತು ದಿನ ಹೀಗೆ ಮಾಡಿಯೂ ಒಪ್ಪದಿದ್ದರೆ ಬಾಟಲಿಯನ್ನೇ ಬಿಟ್ಟುಬಿಡಿ. ನಿಮಗೆ ಬೇಕಾದದ್ದು ಹಾಲು ಹೊಟ್ಟೆಗೆ ಹೋಗುವುದು, ಬಾಟಲಿಯೇ ಆಗಬೇಕೆಂದಿಲ್ಲ. ಒಳಲೆ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು), ಚಮಚ, ಇಲ್ಲವೇ ಸಣ್ಣ ಸ್ಟೀಲ್ ಲೋಟ ಬಳಸಬಹುದು. ಇವುಗಳಲ್ಲಿ ಸಂದುಗೊಂದು ಇಲ್ಲದ್ದರಿಂದ ತೊಳೆಯುವುದೂ ಸುಲಭ, ಮಕ್ಕಳ ಡಾಕ್ಟರರು ಬಾಟಲಿಗಿಂತ ಇವನ್ನೇ ಒಪ್ಪುವುದು ಅದಕ್ಕೇ. ನನ್ನನ್ನು ಕೇಳಿದರೆ ಬಾಟಲಿಯ ಜೊತೆಜೊತೆಗೇ ಲೋಟವನ್ನೂ ರೂಢಿ ಮಾಡಿಸಿ. ಕೂಸನ್ನು ನೆಟ್ಟಗೆ ಕೂರಿಸಿ ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟು ಮಾತ್ರ ಬಗ್ಗಿಸಿ. ಬಾಯಿಗೆ ಹೊಯ್ಯಬಾರದು, ಕೂಸೇ ನೆಕ್ಕಿ ಹೀರಿಕೊಳ್ಳುತ್ತದೆ.

ಕೆಲಸ ಶುರುವಾದ ಮೇಲೆ ಕೂಸು ಹಗಲು ಕಡಿಮೆ ಕುಡಿದು ರಾತ್ರಿಯೆಲ್ಲ ಮೊಲೆಗೆ ಅಂಟಿಕೊಂಡರೆ ಗಾಬರಿ ಬೇಡ, ಹಗಲಿನ ಲೆಕ್ಕ ರಾತ್ರಿ ತೀರಿಸುತ್ತಿದೆ. ನೀವು ಮಾತ್ರ ಬ್ಯಾಂಕಿನಲ್ಲಿ ಮೂರು ತಾಸಿಗೊಮ್ಮೆ ಹಾಲು ಹಿಂಡುವುದನ್ನು ತಪ್ಪಿಸಬೇಡಿ, ಎದೆ ಕಟ್ಟಿಕೊಂಡರೆ ಹಾಲೇ ಕಡಿಮೆಯಾಗುತ್ತದೆ. ಹಿಂಡಿದ್ದನ್ನು ಐಸ್‌ಪ್ಯಾಕ್ ಹಾಕಿದ ಡಬ್ಬಿಯಲ್ಲಿಡಿ. ಕೂಸು ದಿನಕ್ಕೆ ಆರು ಸಲ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಕಾಗುತ್ತಿದೆ. ಆರು ತಾಸು ಲಂಗೋಟಿ ಒಣಗಿಯೇ ಇದ್ದರೆ, ಮಂಕಾಗಿ ಮಲಗಿದ್ದರೆ, ಅಥವಾ ಬಾಟಲಿಯಷ್ಟೇ ಅಲ್ಲ ಮೊಲೆಯನ್ನೂ ಬೇಡವೆಂದರೆ ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ.