ಟೀಚರಿಗೂ ಹೇಳಿ, ಪಕ್ಕದ ಮನೆಗೂ ಹೇಳಿ

(ಹೊಸನಗರ ತಾಲ್ಲೂಕಿನ ತಾಯಿಯೊಬ್ಬರ ಪತ್ರದ ಸಾರ: ಒಂದನೆಯ ತರಗತಿಯ ಮಗಳಿಗೆ ಎರಡು ಸಲ ಫಿಟ್ಸ್ ಬಂದಿದೆ. ಒಮ್ಮೆ ನಿದ್ದೆಯಲ್ಲಿ, ಇನ್ನೊಮ್ಮೆ ಬಚ್ಚಲಿನಲ್ಲಿ ತಲೆಗೆ ನೀರು ಹಾಕುವಾಗ. ಶಿವಮೊಗ್ಗದ ವೈದ್ಯರು ಅಪಸ್ಮಾರವೆಂದು ಹೇಳಿ ಸಿರಪ್ ಕೊಟ್ಟಿದ್ದಾರೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಔಷಧ ಏಕೆ ಎಂದು ಮನೆಯವರ ಪ್ರಶ್ನೆ. ಹೆಣ್ಣುಮಗು, ನಾಳೆ ಮದುವೆಗೆ ತೊಡಕಾಗುತ್ತದೆ, ಶಾಲೆಗೆ ತಿಳಿಸಬೇಡ ಎಂದು ಅತ್ತೆಯವರ ಆಗ್ರಹ. ‘ನನ್ನಿಂದ ಏನು ತಪ್ಪಾಯಿತು? ರಾತ್ರಿ ಕಣ್ಣು ಮುಚ್ಚಲು ಹೆದರಿಕೆ’ ಎಂದು ಕೇಳಿದ್ದಾರೆ.)

ಪ್ರಿಯ ಸೋದರಿ,

ನಿಮ್ಮಿಂದ ಏನೂ ತಪ್ಪಾಗಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೂ ಹರಕೆ ತಪ್ಪಿದ್ದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಒಮ್ಮೆಲೇ ಮಿತಿಮೀರಿದಾಗ ಫಿಟ್ಸ್ ಬರುತ್ತದೆ. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಸರಿಯಾದ ಔಷಧ ತಪ್ಪದೆ ತೆಗೆದುಕೊಂಡರೆ ನೂರರಲ್ಲಿ ಸುಮಾರು 70 ಮಂದಿಗೆ ಅದು ಹತೋಟಿಗೆ ಬರಬಲ್ಲದು. ಹಲವು ಮಕ್ಕಳಿಗೆ ಬೆಳೆಯುತ್ತಾ ಔಷಧದ ಅಗತ್ಯವೇ ಉಳಿಯುವುದಿಲ್ಲ.

ಇಇಜಿಯ ವಿಚಾರ. ಪರೀಕ್ಷೆ ನಡೆಯುವ ಆ ಸ್ವಲ್ಪ ಹೊತ್ತಿನಲ್ಲಿ ಮಿದುಳು ಸುಮ್ಮನಿದ್ದರೆ ವರದಿ ಸರಿಯಾಗಿಯೇ ಬರುತ್ತದೆ. ಅದರಿಂದ ಕಾಯಿಲೆ ಇಲ್ಲವೆಂದಾಗುವುದಿಲ್ಲ. ವೈದ್ಯರಿಗೆ ಅದಕ್ಕಿಂತ ಮುಖ್ಯವಾದದ್ದು ಕಣ್ಣಾರೆ ಕಂಡವರ ಮಾತು: ಹೇಗೆ ಶುರುವಾಯಿತು, ಯಾವ ಕೈ ಮೊದಲು ಅದುರಿತು, ಎಷ್ಟು ಹೊತ್ತು ಇತ್ತು. ಮನೆಯವರಲ್ಲೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಇನ್ನೂ ಒಳ್ಳೆಯದು. ಸಿರಪ್ಪನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಮರಳಬಹುದು. ಸಾಮಾನ್ಯವಾಗಿ ಎರಡು ವರ್ಷ ಫಿಟ್ಸ್ ಬಾರದೆ ಇದ್ದ ಮೇಲೆ ವೈದ್ಯರೇ ಔಷಧವನ್ನು ನಿಧಾನವಾಗಿ ಇಳಿಸುವ ಯೋಚನೆ ಮಾಡುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಚ್ಚಲಿನ ಸಂಗತಿ. ಅದನ್ನು ವೈದ್ಯರಿಗೆ ಹೇಳಿದ್ದೀರಾ? ತಲೆಗೆ ಬಿಸಿನೀರು ಸುರಿದಾಗಲೇ ಬರುವ ಒಂದು ಬಗೆಯ ಅಪಸ್ಮಾರವಿದೆ. ನಮ್ಮ ರಾಜ್ಯದಲ್ಲಿ ಅದು ಹೊಸತಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದರ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಮಲೆನಾಡಿನ ಬಚ್ಚಲು ನಿಮಗೆ ಹೇಳಬೇಕೇ? ಹಂಡೆಯ ತುಂಬ ಕಾದ ನೀರು, ಎಣ್ಣೆ ಹಚ್ಚಿದ ತಲೆ, ಮೇಲಿಂದ ಮೇಲೆ ಚೊಂಬು. ನಿಮ್ಮ ಮಗಳದ್ದು ಅದೇ ಎಂದು ನಾನು ಹೇಳಲಾರೆ, ನಿದ್ದೆಯಲ್ಲೂ ಬಂದಿದೆಯಲ್ಲ. ಆದರೆ ಇದು ವೈದ್ಯರಿಗೆ ತಿಳಿದಿರಲೇಬೇಕು. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರು ಸಾಕು. ತಲೆಗೆ ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಚ್ಚಲ ಒಲೆಯ ಹತ್ತಿರ, ಬಾವಿಕಟ್ಟೆಯಲ್ಲಿ, ತೋಟದ ಹಳ್ಳದಲ್ಲಿ ಅವಳನ್ನು ಒಬ್ಬಳೇ ಬಿಡಬೇಡಿ. ಉಳಿದಂತೆ ಆಡಲಿ, ಓಡಲಿ, ಅಣ್ಣನ ಜೊತೆ ಜಗಳವಾಡಲಿ.

ಅತ್ತೆಯವರ ಭಯ ಸುಳ್ಳಲ್ಲ. ಅವರು ಬಾಳಿದ ಕಾಲದಲ್ಲಿ ಕಾನೂನೇ ಹಾಗಿತ್ತು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಂದ ತಿದ್ದುಪಡಿಯಲ್ಲಿ, ಪದೇ ಪದೇ ಅಪಸ್ಮಾರ ಬರುವವರ ಮದುವೆಗೆ ಅಡ್ಡಿಯಿತ್ತು. 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಿದರು. ಇದನ್ನು ಅವರಿಗೆ ನಿಧಾನವಾಗಿ ಓದಿ ಹೇಳಿ. ಆದರೆ ಶಾಲೆಗೆ ತಿಳಿಸಬಾರದೆಂಬ ಅವರ ಮಾತಿಗೆ ಒಪ್ಪಬೇಡಿ. ಇಪ್ಪತ್ತು ವರ್ಷಗಳ ಮುಂದಿನ ಮದುವೆಗಾಗಿ ಈ ಸೋಮವಾರ ತರಗತಿಯಲ್ಲಿ ಮಗುವನ್ನು ಏನೂ ಅರಿಯದವರ ಕೈಗೆ ಒಪ್ಪಿಸಲಾದೀತೇ?

ಅರಿಯದವರು ಏನು ಮಾಡುತ್ತಾರೆಂದು ನಿಮಗೇ ಗೊತ್ತು. ಕೈಗೆ ಕಬ್ಬಿಣ ಕೊಡುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಅದನ್ನು ಹುಡುಕುವ ಗಡಿಬಿಡಿಯಲ್ಲಿ ಗಡಿಯಾರ ನೋಡುವವರೇ ಇರುವುದಿಲ್ಲ. ಟೀಚರಿಗೆ, ಅಡುಗೆಯವರಿಗೆ, ಪಕ್ಕದ ಮನೆಯವರಿಗೆ ಹೇಳಬೇಕಾದದ್ದು ಇಷ್ಟೇ: ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ಏನನ್ನೂ ಹಾಕಬೇಡಿ, ನೀರೂ ಬೇಡ, ಕೈಕಾಲು ಅದುಮಿ ಹಿಡಿಯಬೇಡಿ, ಸಮಯ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ನಿಮ್ಮೂರಿಗೆ ಆಂಬುಲೆನ್ಸ್ ಬರುವುದು ತಡವಾಗುತ್ತದೆ. ಹಾಗಾಗಿ ಮೂಗಿಗೆ ಸಿಂಪಡಿಸುವ ತುರ್ತು ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಿ. ಬೇಕೆಂದರೆ ಬಳಸುವ ಕ್ರಮವನ್ನೂ ಅಲ್ಲೇ ಕಲಿತು ಬನ್ನಿ.

ಬರೆ ಎಳೆಸಲು ಕರೆದೊಯ್ಯೋಣವೆಂದು ಯಾರಾದರೂ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲಿ. ಆ ಗಾಯ ಮಗುವಿಗೆ ಕೊಡುವುದು ನೋವೊಂದನ್ನೇ.

ಇನ್ನು ನಿಮ್ಮ ನಿದ್ದೆ. ಮಗಳ ಹಾಸಿಗೆಯನ್ನು ನಿಮ್ಮ ಪಕ್ಕದಲ್ಲೇ ನೆಲದ ಮೇಲೆ ಹಾಸಿ, ದೊಡ್ಡ ದಿಂಬು ತೆಗೆಯಿರಿ. ಒಂದು ರಾತ್ರಿ ನೀವು, ಒಂದು ರಾತ್ರಿ ಅವಳ ಅಪ್ಪ ಎಂದು ಹಂಚಿಕೊಳ್ಳಿ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ಆದ್ದರಿಂದ ಬೆಳಗಿನವರೆಗಿನ ಯಕ್ಷಗಾನಕ್ಕೆ, ಜಾತ್ರೆಗೆ ಸದ್ಯ ಅವಳನ್ನು ಕರೆದೊಯ್ಯಬೇಡಿ. ಮಳೆ ಹಿಡಿದ ಮೇಲೆ ಮರ ಬಿದ್ದು ರಸ್ತೆ ಕಟ್ಟುವ ಊರು ನಿಮ್ಮದು, ಸಿರಪ್ ಒಂದು ದಿನವೂ ತಪ್ಪಬಾರದು. ಮೇ ತಿಂಗಳಲ್ಲೇ ವೈದ್ಯರನ್ನು ಕಂಡು, ಹೆಚ್ಚಿಗೆ ಒಂದೆರಡು ಬಾಟಲಿ ಬರೆಸಿಕೊಂಡು ಬನ್ನಿ.

– ಸಂಪಾದಕ