ಒಂಬತ್ತರಲ್ಲಿ ಒಬ್ಬರು ಎಂದರೆ ಯಾರು? ಕ್ಯಾನ್ಸರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ತಂದೆಗೆ 62 ವರ್ಷ. ನಲವತ್ತು ವರ್ಷದಿಂದ ಎಲೆಅಡಿಕೆ ಹಾಕುತ್ತಾರೆ, ಹೊಗೆಸೊಪ್ಪು ಮುಟ್ಟಿದವರಲ್ಲ. ಈಗೀಗ ಮಿರ್ಚಿ ಬಾಯಿಗಿಟ್ಟರೆ ಉರಿ ಅಂತಾರೆ, ದೊಡ್ಡ ತುತ್ತು ಹೋಗುವುದಿಲ್ಲ. ಬೇಯಿಸಿದ ಕೆಂಪಡಿಕೆಯಲ್ಲಿ ದೋಷವಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ನಿಜವೇ? (ಚನ್ನಗಿರಿ ತಾಲ್ಲೂಕು)

ಉತ್ತರ: ನಿಜವಲ್ಲ. ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದೇ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿ, ಅದನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಸೇರಿಸಿದೆ. ಬೇಯಿಸಿದಾಗ ಒಗರು ಚೊಗರಿಗೆ (ಅಡಿಕೆ ಬೇಯಿಸಿದ ನೀರಿಗೆ) ಇಳಿಯುತ್ತದೆ, ಅರಿಕೋಲಿನ್ ಎಂಬ ಹಾನಿಕಾರಕ ಸಸ್ಯಕ್ಷಾರವೂ ಕೊಂಚ ಕಡಿಮೆಯಾಗಬಹುದು. ಆದರೆ ಪೂರ್ತಿ ಹೋಗುವುದಿಲ್ಲ. ಬೆಳೆಯುವುದು, ಸುಲಿಯುವುದು, ಒಣಗಿಸುವುದು ಬೇರೆ. ದವಡೆಯಲ್ಲಿ ಇಟ್ಟುಕೊಂಡು ಜಗಿಯುವುದು ಬೇರೆ. ಇಲ್ಲಿ ಮಾತು ಎರಡನೆಯದರ ಬಗ್ಗೆ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ, ರಾತ್ರಿ ದವಡೆಯಲ್ಲಿ ಇಟ್ಟುಕೊಂಡೇ ಮಲಗುತ್ತಾರೋ ಎಂಬುದರ ಮೇಲೆ ಅಪಾಯ ಏರುತ್ತದೆ. ತಂಬಾಕು ಸೇರಿದರೆ ಇನ್ನೂ ಹೆಚ್ಚು. ಗುಟ್ಕಾ 2013ರಿಂದ ಕರ್ನಾಟಕದಲ್ಲಿ ನಿಷಿದ್ಧ. ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಎಂದು ಮಾರಿ ಬಾಯಲ್ಲಿ ಬೆರೆಸುವುದು ಮಾತ್ರ ನಿಂತಿಲ್ಲ.

ನಿಮ್ಮ ತಂದೆಯವರಿಗೆ ಕಾಣುತ್ತಿರುವುದು ಕ್ಯಾನ್ಸರ್ ಅಲ್ಲದಿರಬಹುದು, ಅದರ ಮೊದಲಿನ ಮೆಟ್ಟಿಲು ಆಗಿರಬಹುದು. ಅಡಿಕೆಯ ಅಂಶಗಳು ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತವೆ. ಮೊದಲು ಖಾರ ತಾಳುವುದಿಲ್ಲ, ಆಮೇಲೆ ಒಳಗೆನ್ನೆ ಬಿಳಿಚಿಕೊಳ್ಳುತ್ತದೆ, ಬೆರಳಿಟ್ಟರೆ ಹಗ್ಗದಂಥ ಪಟ್ಟಿ ಸಿಗುತ್ತದೆ, ಕೊನೆಗೆ ಬಾಯಿ ಬಿಗಿಯುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇಂಥವರಲ್ಲಿ ನೂರಕ್ಕೆ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಅಡಿಕೆ ಬಿಟ್ಟ ಮಾತ್ರಕ್ಕೆ ಆಗಲೇ ಬೆಳೆದ ನಾರು ಕರಗುವುದಿಲ್ಲ. ಮುಂದೆ ಬೆಳೆಯುವುದು ತಗ್ಗುತ್ತದೆ. ಆದ್ದರಿಂದ ಬಿಡುವುದು ಇವತ್ತೇ ಆಗಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವರದೇ ಕೈಯ ತೋರು, ನಡು, ಉಂಗುರದ ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ಆ ವಾರವೇ ತೋರಿಸಿ. ಆಮೇಲೆ ಬಾಯಿ ಮುಕ್ಕಳಿಸಿ, ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿ: ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಗೆಯ ಅಂಚು, ನಾಲಗೆಯ ಅಡಿ, ಅಂಗುಳ. ಎಲೆಅಡಿಕೆ ಇಟ್ಟುಕೊಳ್ಳುವ ದವಡೆಯ ಸಂದನ್ನು ಎರಡು ಸಲ ನೋಡಿ. ಕೆರೆದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚಾಗಿ ಕೆಂಪು ಮಚ್ಚೆ, ಅಲುಗಾಡುವ ಹಲ್ಲು, ಕತ್ತಿನ ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು ಇವುಗಳಲ್ಲಿ ಒಂದಿದ್ದರೂ ಸಾಕು, ವೈದ್ಯರಿಗೆ ತೋರಿಸಿ. ಹಲ್ಲಿನ ಮೊನೆ ತಾಗಿ ಆದ ಹುಣ್ಣಾದರೆ ಮೊನೆ ಉಜ್ಜಿಸಿದ ಎರಡು ವಾರದಲ್ಲಿ ಮಾಯಬೇಕು. ನೋವಿಲ್ಲ ಎಂದು ಸುಮ್ಮನಿರಬೇಡಿ, ಶುರುವಿನಲ್ಲಿ ಈ ರೋಗಕ್ಕೆ ನೋವೇ ಇರುವುದಿಲ್ಲ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರಿನ ಹೆಚ್ಚಿನ ರೋಗಿಗಳು ಮೂರು, ನಾಲ್ಕನೇ ಹಂತದಲ್ಲಿ ಬರುವುದಕ್ಕೆ ಇದೂ ಒಂದು ಕಾರಣ. ದಾವಣಗೆರೆಯ ದಂತ ಕಾಲೇಜುಗಳಲ್ಲಿ ಬಾಯಿ ರೋಗಕ್ಕೇ ಪ್ರತ್ಯೇಕ ವಿಭಾಗವಿದೆ. ಅಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು.

ಪ್ರಶ್ನೆ: ಭಾರತದಲ್ಲಿ ಒಂಬತ್ತರಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಓದಿದೆ. ನಮ್ಮ ಮನೆಯಲ್ಲಿ ಸರಿಯಾಗಿ ಒಂಬತ್ತು ಜನ. ಅಂದಿನಿಂದ ನಿದ್ದೆ ಇಲ್ಲ. (ದಾವಣಗೆರೆ)

ಉತ್ತರ: ಆ ಲೆಕ್ಕ ನಿಮ್ಮ ಮನೆಯದಲ್ಲ, ಇಡೀ ದೇಶದ್ದು. ಹುಟ್ಟಿನಿಂದ 74 ವರ್ಷದವರೆಗಿನ ಒಟ್ಟು ಸಾಧ್ಯತೆಯನ್ನು ಅದು ಹೇಳುತ್ತದೆ, ಈ ವರ್ಷದ್ದನ್ನಲ್ಲ. ಅದರಲ್ಲಿ ಬೀಡಿ ಸೇದುವವರೂ ಇದ್ದಾರೆ, ಸೇದದವರೂ ಇದ್ದಾರೆ. ನಿಮ್ಮ ಮನೆಯ ಹತ್ತು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಅಂಕಿ ಹೊಂದುವುದಿಲ್ಲ. ತಂಬಾಕು, ಅಡಿಕೆ, ಮದ್ಯ ಮೂರೂ ಇಲ್ಲದ ಮನೆಗೆ ಬಾಯಿ, ಗಂಟಲು, ಶ್ವಾಸಕೋಶದ ಪಾಲು ಬಹಳ ಇಳಿಯುತ್ತದೆ.

ಅಂಕಿ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತಿರಲಿ. 1982ರಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಗರದ ಪ್ರತಿ ಕ್ಯಾನ್ಸರ್ ಪ್ರಕರಣವನ್ನು ನೋಂದಣಿ ಪುಸ್ತಕಕ್ಕೆ ಸೇರಿಸುತ್ತ ಬಂದಿದೆ. ಇಂಥ ಕೆಲವು ಪ್ರದೇಶಗಳ ಲೆಕ್ಕದಿಂದ ದೇಶದ ಒಟ್ಟು ಅಂದಾಜು ಮಾಡುತ್ತಾರೆ. 2022ಕ್ಕೆ ಆ ಅಂದಾಜು ಸುಮಾರು 14.6 ಲಕ್ಷ ಹೊಸ ರೋಗಿಗಳು. ಸಂಖ್ಯೆ ಏರುತ್ತಿರುವುದಕ್ಕೆ ಜನಸಂಖ್ಯೆ ಹೆಚ್ಚಿದ್ದೂ ಜನ ಹೆಚ್ಚು ಕಾಲ ಬದುಕುತ್ತಿರುವುದೂ ಕಾರಣ. ಎರಡು ಊರುಗಳನ್ನು ಹೋಲಿಸುವಾಗ ಲಕ್ಷಕ್ಕೆ ಎಷ್ಟು, ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ್ದಾರೆಯೇ ಎಂದು ನೋಡಬೇಕು.

‘ಅಪಾಯ ಎರಡು ಪಟ್ಟು’ ಎಂಬ ಸುದ್ದಿ ಬಂದಾಗ ಒಂದೇ ಪ್ರಶ್ನೆ ಕೇಳಿ: ಎಷ್ಟರ ಎರಡು ಪಟ್ಟು? ಸಾವಿರಕ್ಕೆ ಒಬ್ಬರಿದ್ದದ್ದು ಇಬ್ಬರಾದರೂ ಎರಡು ಪಟ್ಟೇ, ಹತ್ತಕ್ಕೆ ಒಬ್ಬರಿದ್ದದ್ದು ಇಬ್ಬರಾದರೂ ಎರಡು ಪಟ್ಟೇ. ಹಾಗೆಯೇ ‘ಐದು ವರ್ಷದ ಬದುಕುಳಿವು’ ಎಂದರೆ ರೋಗಿ ಬದುಕುವುದು ಐದೇ ವರ್ಷ ಎಂದಲ್ಲ. ಪತ್ತೆಯಾಗಿ ಐದು ವರ್ಷವಾದ ಮೇಲೂ ನೂರರಲ್ಲಿ ಎಷ್ಟು ಮಂದಿ ಬದುಕಿದ್ದಾರೆ ಎಂಬ ಲೆಕ್ಕ. ಈ ಪದ ಕೇಳಿಯೇ ಚಿಕಿತ್ಸೆ ಬಿಟ್ಟು ಮನೆಗೆ ಕರೆದೊಯ್ಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ: ನನ್ನ ಹೆಂಡತಿಯ ಎದೆಯಲ್ಲಿ ಗಂಟಿದೆ, ನೋವಿಲ್ಲ. ಸೂಜಿ ಚುಚ್ಚಿಸಿದರೆ ಕೆರಳಿ ಹರಡುತ್ತದೆ ಎಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ. (ಚಳ್ಳಕೆರೆ)

ಉತ್ತರ: ಸೂಜಿ ಪರೀಕ್ಷೆಯಿಂದ ಹರಡುತ್ತದೆ ಎಂದು ಹೆದರಬೇಕಿಲ್ಲ. ಎದೆಯ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ನೋವಿಲ್ಲ ಎಂಬುದು ಸಮಾಧಾನದ ಗುರುತೂ ಅಲ್ಲ. ವೈದ್ಯರ ಕೈಪರೀಕ್ಷೆ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಅನುಮಾನವಿದ್ದರೆ ದಪ್ಪ ಸೂಜಿಯ ಬಯಾಪ್ಸಿ (ಗಂಟಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು), ಇದೇ ಕ್ರಮ. ಅದೇ ತುಣುಕಿನಿಂದ ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಚರ್ಮ ಕುಳಿ ಬಿದ್ದಿದ್ದರೆ, ಕಿತ್ತಳೆ ಸಿಪ್ಪೆಯಂತಾಗಿದ್ದರೆ, ತೊಟ್ಟು ಹೊಸದಾಗಿ ಒಳಕ್ಕೆ ಎಳೆದಿದ್ದರೆ, ರಕ್ತ ಒಸರಿದರೆ, ಕಂಕುಳಲ್ಲಿ ಗಂಟಿದ್ದರೆ ಒಂದು ದಿನವೂ ಕಾಯಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಪ್ರಶ್ನೆ: ಅಣ್ಣನಿಗೆ ಕೀಮೋ ಆಗಿ ಹತ್ತು ದಿನಕ್ಕೆ ಜ್ವರ ಬಂತು. ಮಾತ್ರೆ ಕೊಟ್ಟೆವು, ಇಳಿಯಿತು. ಮುಂದಿನ ಕೀಮೋಗೆ ಏನು ನೋಡಿಕೊಳ್ಳಬೇಕು? (ಹೊಸದುರ್ಗ)

ಉತ್ತರ: ಇಳಿದದ್ದು ಒಳ್ಳೆಯದಾಯಿತು, ಆದರೆ ಮತ್ತೆ ಹಾಗೆ ಮಾಡಬೇಡಿ. ಹೆಚ್ಚಿನ ಕೀಮೋಗಳಲ್ಲಿ 7ರಿಂದ 14ನೇ ದಿನದ ಹೊತ್ತಿಗೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಕುಸಿದಿರುತ್ತದೆ. ಆಗ ಸೋಂಕು ತಗುಲಿದರೆ ಕೀವು, ಕೆಮ್ಮು ಏನೂ ಕಾಣದೆ ಜ್ವರವೊಂದೇ ಇರಬಹುದು, ಕೆಲವೇ ಗಂಟೆಗಳಲ್ಲಿ ಬಿಪಿ ಬಿದ್ದುಹೋಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಹೊರಡಿ. ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮರೆಯಾಗುತ್ತದೆ, ಸೋಂಕು ಮರೆಯಾಗುವುದಿಲ್ಲ. ಜ್ವರವಿಲ್ಲದೆ ಬರೀ ಚಳಿನಡುಕ ಬಂದರೂ ಹೊರಡಿ. ತುರ್ತು ಕೊಠಡಿಯಲ್ಲಿ ಮೊದಲ ಮಾತು ‘ಕೀಮೋ ಆಗಿ ಇಷ್ಟು ದಿನ’ ಎಂದಿರಲಿ, ಕೀಮೋ ಚೀಟಿ ತೋರಿಸಿ. ರಕ್ತ ಪರೀಕ್ಷೆಯ ವರದಿಗೆ ಕಾಯದೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ನರಕ್ಕೆ ಹೋಗಬೇಕು. ಆಸ್ಪತ್ರೆ ದೂರವಿದ್ದರೆ ರಾತ್ರಿ ಬರುವ ಗಾಡಿಯವರ ಫೋನ್ ನಂಬರನ್ನು ಈಗಲೇ ಗೋಡೆಗೆ ಬರೆದಿಡಿ.